ಕೊಂಬಿನ ವಯಸ್ಸು

1887ನೆಯ ಇಸವಿಯಲ್ಲಿ ಅಮೆರಿಕದ ಕೊಲೊರಾಡೊ ಸಂಸ್ಥಾನದ ಡೆನ್ವರ್ ಪಟ್ಟಣಕ್ಕೆ ಸಮೀಪದಲ್ಲಿ ಜಾರ್ಜ್ ಕ್ಯಾನನ್ ಎಂಬಾತನಿಗೆ ದೊರೆತ ಒಂದು ಜೊತೆ ಕೊಂಬುಗಳು, ತಲೆಬುರುಡೆಯ ಒಂದು ಚೂರಿಗೆ ಅಂಟಿಕೊಂಡಿದ್ದ ಹಾಗೆಯೇ, ಯೇಲ್ ವಿಶ್ವವಿದ್ಯಾಲಯದಲ್ಲಿ ಆಚಾರ್ಯನಾಗಿದ್ದ ಓತ್ನಿಯಲ್ ಚಾರ್ಲ್ಸ್ ಮಾರ್ಷನ ಕೈಸೇರಿದುವು. ಆ ಕಾಲಕ್ಕೆ ಅಮೆರಿಕದಲ್ಲಿ ಡೈನೊಸಾರುಗಳ ವಿಷಯವಾಗಿ ಮಾರ್ಷನಿಗಿಂತ ಹೆಚ್ಚು ಬಲ್ಲವರು ಇದ್ದರೆಂದು ಹೇಳುವುದು ಕಷ್ಟ. ಆದರೆ ಹಣೆಯ ಮೇಲೆ ಕೊಂಬು ಹೊತ್ತ ಡೈನೊಸಾರು ಎಂಬುದೊಂದು ಇದ್ದಿರಬಹುದೆಂಬ ಊಹೆ ಇನ್ನೂ ಯಾರ ಮನಸ್ಸಿನಲ್ಲಿಯೂ ಮೂಡಿರಲಿಲ್ಲವಾದ್ದರಿಂದ, ಮತ್ತು ಕೊಂಬೆಂದೊಡನೆ ಗೋಜಾತಿಯೇ ನೆನಪಿಗೆ ಬರುವುದು ಪಂಡಿತನಿಗೂ ಪಾಮರನಿಗೂ ಸಮಾನವಾದ ಸ್ವಭಾವವಾದ್ದರಿಂದ, ಆತನು ಅದನ್ನು ಗತಿಸಿಹೋದ ಒಂದು ಕಾಡುಕೋಣದ ಕೊಂಬೆಂದು ನಿಶ್ಚಯಿಸಿ ‘ಬೈಸನ್ ಆಲ್ಟಿಕಾರ್ನಿಸ್’ ಎಂದು ನಾಮಕರಣ ಮಾಡಿದನು. ಈ ತಪ್ಪನ್ನು ಎತ್ತಿ ನಗುವುದು ಇಂದಿನವರಿಗೆ ಸುಲಭ. ಆದರೆ ಅದು ಒಂದೆರಡು ವರ್ಷಗಳಲ್ಲಿಯೇ ತಿದ್ದುಪಡಿಯಾದ ತಪ್ಪು. ಇದೇ ಕೊಂಬುಗಳ ವಿಷಯದಲ್ಲಿ ಮುಂದಿನ ಪೀಳಿಗೆಗಳು ಮಾಡಿದ, ಹೆಚ್ಚು ಸೂಕ್ಷ್ಮವಾದ ಮತ್ತೊಂದು ಬಗೆಯ ತಪ್ಪು ತಿದ್ದುಪಡಿಯಾಗಲು ನೂರು ವರ್ಷಗಳೂ ಸಾಲದೆ ಹೋದುವು. ಆ ಎರಡನೆಯದರ ಕಥೆಯೇ ಇಲ್ಲಿ ಪ್ರಸ್ತುತವಾದದ್ದು.

ಮರುವರ್ಷ, ಎಂದರೆ 1888ರಲ್ಲಿ, ಮಾರ್ಷನ ಸಂಗ್ರಾಹಕನಾದ ಜಾನ್ ಬೆಲ್ ಹ್ಯಾಚರನು ಮೊಂಟಾನಾದ ಜೂಡಿತ್ ನದಿಯ ಶಿಲಾಸ್ತರಗಳಿಂದ ಇನ್ನೊಂದು ಜೊತೆ ಕೊಂಬುಗಳನ್ನು ತಂದನು. ಇವು ಸರೀಸೃಪದವೆಂಬುದು ಈ ಸಲ ತಿಳಿದು, ಅವಕ್ಕೆ ‘ಸೆರಟಾಪ್ಸ್’ ಎಂಬ ಹೆಸರಾಯಿತು. ಅದೇ ಹ್ಯಾಚರನು ವಯೋಮಿಂಗ್ ಪ್ರಾಂತದಲ್ಲಿ ಗರ್ನ್ಸಿ ಎಂಬ ದನಗಳ ಕಾವಲಿನ ಒಡೆಯನ ಬಳಿ ಭಾರಿಯಾದ ಮತ್ತೊಂದು ಕೊಂಬಿನ ತುಂಡನ್ನು ಕಂಡು, ಅದರ ಪೂರ್ವಕಥೆಯನ್ನು ವಿಚಾರಿಸಿದಾಗ, ಆ ಕಾವಲಿನ ದನಗಾಹಿಗಳ ಮೇಸ್ತ್ರಿ ಎಡ್ಮಂಡ್ ವಿಲ್ಸನ್ ಎಂಬವನು ಒಂದು ಕೊರಕಲಿನ ದಡದಲ್ಲಿ ಹೊರಚಾಚಿದ್ದ ದೈತ್ಯ ತಲೆಬುರುಡೆಯೊಂದನ್ನು ನೋಡಿ, ದನವನ್ನು ಹಿಡಿಯುವ ಕುಣಿಕೆಹಗ್ಗವನ್ನೇ ಅದರ ಕೊಂಬಿಗೆ ಬೀಸಿ ಎಳೆಯಲು, ಕೊಂಬು ಮುರಿದು ಕೈಗೆ ಬಂದು ಬುರುಡೆ ಮಾತ್ರ ಕೊರಕಲಿನ ತಳಕ್ಕೆ ಉರುಳಿಹೋಯಿತೆಂದು ಗೊತ್ತಾಯಿತು. ಆ ಬುರುಡೆಯನ್ನು ಹ್ಯಾಚರನು ಹೊರತೆಗೆದನು. 1889ರಲ್ಲಿ ಮಾರ್ಷನು ಅದಕ್ಕೆ ‘ಟ್ರೈಸೆರಟಾಪ್ಸ್ ಹಾರಿಡಸ್’ ಎಂದು ಹೆಸರಿಟ್ಟಾಗ, ಮೂಗಿನ ಮೇಲೊಂದು, ಹಣೆಯ ಮೇಲೆರಡು, ಹೀಗೆ ಮೂರು ಕೊಂಬುಗಳನ್ನೂ ಕತ್ತಿನ ಮೇಲಕ್ಕೆ ಹರಡಿದ ಅಗಲವಾದ ಎಲುಬಿನ ಹೆಡೆಯನ್ನೂ ಹೊತ್ತ, ಇಂದು ಶಾಲೆಗೆ ಹೋಗುವ ಯಾವ ಮಗುವೂ ಗುರುತಿಸಬಲ್ಲ ಆ ಪ್ರಾಣಿ ಲೋಕದ ಎದುರಿಗೆ ಬಂದು ನಿಂತಿತು.

ಹ್ಯಾಚರನ ವಿಷಯವನ್ನು ಇನ್ನೆರಡು ಮಾತಿನಲ್ಲಿ ಹೇಳದೆ ಮುಂದುವರಿದರೆ ಅನ್ಯಾಯವಾದೀತು. 1889ರಿಂದ 1892ರ ವರೆಗೆ ಆತನು ವಯೋಮಿಂಗಿನ ಲಾನ್ಸ್ ಕ್ರೀಕ್ ಎಂಬ ಹಳ್ಳದ ಸುತ್ತಣ ಬೋಳು ನೆಲದಲ್ಲಿ ಮೂವತ್ತಕ್ಕೂ ಹೆಚ್ಚು ಕೊಂಬಿನ ಬುರುಡೆಗಳನ್ನು ಅಗೆದು ತೆಗೆಸಿದನು. ಒಂದೊಂದು ಬುರುಡೆಯೂ ಸುತ್ತಣ ಕಲ್ಲಿನೊಡನೆ ಗಾಡಿಗಳೂ ಕುದುರೆಗಳೂ ತಿಣುಕುವಷ್ಟು ಭಾರ. ಅವನ್ನು ದಾರಿಯಿಲ್ಲದ ನೆಲದ ಮೇಲೆ ರೈಲಿನ ನಿಲ್ದಾಣದವರೆಗೆ ಸಾಗಿಸಿ, ಮೂರು ಸಾವಿರ ಕಿಲೋಮೀಟರಿನಷ್ಟು ದೂರದ ಯೇಲಿಗೆ ತಲುಪಿಸಿದ ಸಾಹಸ ಬೇರೊಂದು ಲೇಖನಕ್ಕೆ ಯೋಗ್ಯವಾದದ್ದು. ಹೆಸರಿಡುವ ಕೀರ್ತಿಯೆಲ್ಲ ಮಾರ್ಷನಿಗೆ ಹೋಯಿತು, ಅಗೆಯುವ ಶ್ರಮವೆಲ್ಲ ಹ್ಯಾಚರನ ಪಾಲಿಗೆ ಬಂದಿತು.

ಹೆಸರಿಡುವುದರಲ್ಲಿ ಮಾರ್ಷನು ಜಿಪುಣನಾಗಿರಲಿಲ್ಲ. ಫಿಲಡೆಲ್ಫಿಯದ ಎಡ್ವರ್ಡ್ ಡ್ರಿಂಕರ್ ಕೋಪನಿಗೂ ಆತನಿಗೂ ನಡೆಯುತ್ತಿದ್ದ ಸ್ಪರ್ಧೆ, ಸ್ಪರ್ಧೆಯೆಂಬುದಕ್ಕಿಂತ ವೈರವೆನ್ನುವುದೇ ಮೇಲು, ಅವರಿಬ್ಬರನ್ನೂ ಅವಸರಕ್ಕೆ ದೂಡಿತ್ತು. ಲಾನ್ಸ್ ಕ್ರೀಕಿನಿಂದ ಬಂದ ಪೆಟ್ಟಿಗೆಗಳನ್ನು ಒಡೆದಂತೆ ಹೊಸ ಹೊಸ ಪ್ರಭೇದಗಳು ಹುಟ್ಟಿದುವು: ಫ್ಲಾಬೆಲ್ಲೇಟಸ್, ಸೆರೇಟಸ್, ಪ್ರಾರ್ಸಸ್, ಸಲ್ಕೇಟಸ್, ಇಲೇಟಸ್, ಕ್ಯಾಲಿಕಾರ್ನಿಸ್, ಆಬ್ಟೂಸಸ್. ಒಂದರ ಹೆಡೆಯ ಅಂಚಿನಲ್ಲಿ ಗರಗಸದ ಹಲ್ಲುಗಳಂತೆ ಮುಳ್ಳುಗಳಿದ್ದರೆ ಅದೊಂದು ಪ್ರಭೇದ. ಮತ್ತೊಂದರ ಮೂಗಿನ ಕೊಂಬು ಮುಂದಕ್ಕೆ ಚಾಚಿದ್ದರೆ ಇನ್ನೊಂದು. ಹಣೆಯ ಕೊಂಬು ಉದ್ದವಾಗಿದ್ದರೆ ಬೇರೊಂದು. 1891ರಲ್ಲಿ, ಅದೇ ಸ್ತರಗಳಿಂದ ಹ್ಯಾಚರನು ತಂದ, ಹೆಡೆ ಅತಿ ದೀರ್ಘವೂ ತೆಳ್ಳಗೂ ಆಗಿದ್ದು ಅದರಲ್ಲಿ ಎರಡು ದೊಡ್ಡ ರಂಧ್ರಗಳಿದ್ದ ಬುರುಡೆಗಳಿಗೆ ‘ಟೊರೊಸಾರಸ್’ ಎಂಬ ಬೇರೆ ಕುಲವನ್ನೇ ಆತನು ಸ್ಥಾಪಿಸಿದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಎದ್ದ ದೊಡ್ಡ ವಿವಾದವೆಲ್ಲ ಅದರ ಸುತ್ತಲೇ. ಮಾರ್ಷನು 1899ರಲ್ಲಿ ತೀರಿಕೊಂಡನು. ಕೊಂಬಿನ ಡೈನೊಸಾರುಗಳ ಮಹಾಗ್ರಂಥವನ್ನು ಬರೆದು ಮುಗಿಸುವ ಹೊಣೆ ಹ್ಯಾಚರನ ಮೇಲೆ ಬಿದ್ದಿತು. ಆತನೂ 1904ರಲ್ಲಿ, ಇನ್ನೂ ನಲವತ್ತೆರಡರ ಪ್ರಾಯದಲ್ಲಿ, ವಿಷಮಜ್ವರಕ್ಕೆ ತುತ್ತಾದನು. ಕಡೆಗೆ ರಿಚರ್ಡ್ ಸ್ವಾನ್ ಲಲ್ ಎಂಬಾತನು ಅದನ್ನು ಪೂರೈಸಿ 1907ರಲ್ಲಿ ಹೊರತಂದನು. ಅನಂತರದ ದಶಕಗಳಲ್ಲಿಯೂ ಹೆಸರುಗಳು ಸೇರುತ್ತಲೇ ಹೋಗಿ, ಟ್ರೈಸೆರಟಾಪ್ಸ್ ಎಂಬ ಒಂದೇ ಕುಲದ ಕೆಳಗೆ ಹದಿನೈದಕ್ಕೂ ಹೆಚ್ಚು ಪ್ರಭೇದಗಳು ಪಟ್ಟಿಯಾದುವು.

ಒಂದೇ ಸ್ತರಸಮೂಹದಲ್ಲಿ, ಒಂದೇ ಬಯಲಿನಲ್ಲಿ, ಆನೆಯ ಗಾತ್ರದ ಒಂದೇ ಬಗೆಯ ಸಸ್ಯಾಹಾರಿ ಪ್ರಾಣಿಯಲ್ಲಿ ಇಷ್ಟೊಂದು ಪ್ರಭೇದಗಳು ಅಕ್ಕಪಕ್ಕದಲ್ಲಿ ಮೇಯುತ್ತಿದ್ದುವೆಂದರೆ ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಪಂಡಿತರು ತಮಗೆ ತಾವೇ ಏಕೆ ಹಾಕಿಕೊಳ್ಳಲಿಲ್ಲವೆಂದು ಈಗ ಆಶ್ಚರ್ಯವಾಗುವುದು. ಅದಕ್ಕೆ ಕಾರಣ ಅವರ ಬುದ್ಧಿಯ ಮಾಂದ್ಯವಲ್ಲ, ಅವರ ಪದ್ಧತಿಯ ಸ್ವರೂಪ. ಪ್ರಭೇದವೊಂದನ್ನು ಸ್ಥಾಪಿಸುವುದೆಂದರೆ ಒಂದು ಮೂಲಮಾದರಿಯನ್ನು ಆರಿಸಿ, ಅದು ಇತರ ಮಾದರಿಗಳಿಂದ ಹೇಗೆ ಭಿನ್ನವೆಂದು ಬರೆದು ಪ್ರಕಟಿಸುವುದು. ಆ ಮೂಲಮಾದರಿ ಸಾಮಾನ್ಯವಾಗಿ ಒಂದೇ ಒಂದು ಬುರುಡೆ, ಅದೂ ಮುರಿದದ್ದು, ಒತ್ತಡದಿಂದ ಸೊಟ್ಟಗಾದದ್ದು. ಅದು ಒಂದು ಪ್ರಾಣಿಯ ಬದುಕಿನ ಯಾವುದೋ ಒಂದು ದಿನದ ಸ್ಥಿತಿ. ಆ ದಿನದ ಹಿಂದೆ ಎಷ್ಟು ವರ್ಷಗಳಿದ್ದುವು, ಅದು ಸಾಯದೆ ಉಳಿದಿದ್ದರೆ ಇನ್ನೂ ಎಷ್ಟು ಮಾರ್ಪಡುತ್ತಿತ್ತು, ಎಂಬುದು ಆ ವಿವರಣೆಯೊಳಗೆ ಬರುವುದಿಲ್ಲ. ಆಕಾರವನ್ನು ಅಳೆದವರು ವಯಸ್ಸನ್ನು ಅಳೆಯಲಿಲ್ಲ. ಅಳೆಯುವ ಸಾಧನವೂ ಅವರ ಬಳಿ ಇರಲಿಲ್ಲ.

ನಮ್ಮ ಜಾತ್ರೆಯ ದನಗಳ ಪರಿಷೆಯಲ್ಲಿ ಹೋರಿಯನ್ನು ಕೊಳ್ಳಲು ಬಂದ ರೈತನು ಕೊಂಬಿನ ಠೀವಿಯನ್ನು ಎಷ್ಟೇ ಮೆಚ್ಚಿಕೊಂಡರೂ ವಯಸ್ಸನ್ನು ತಿಳಿಯಲು ಬಾಯಿ ಬಿಡಿಸಿಯೇ ನೋಡುವನು: ಇನ್ನೂ ಹಲ್ಲು ಹಾಕದ್ದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂದು ಅವನ ಲೆಕ್ಕ ನಡೆಯುವುದು, ಮತ್ತು ಹಲ್ಲು ಹಾಕದ ಕರುವಿನ ಮೊಟುಕು ಕೊಂಬನ್ನೂ ಬಾಯಿಗೂಡಿದ ಹೋರಿಯ ಬಾಗಿದ ಕೊಂಬನ್ನೂ ನೋಡಿ ಇವೆರಡೂ ಬೇರೆ ಬೇರೆ ತಳಿಗಳೆಂದು ಅವನು ಎಂದಿಗೂ ಭ್ರಮಿಸನು. ಕೊಂಬಿನ ಡೈನೊಸಾರುಗಳ ಬಾಯಿ ಬಿಡಿಸಿ ನೋಡಿ ಪ್ರಯೋಜನವಿರಲಿಲ್ಲ. ಅವಕ್ಕೆ ಹಲ್ಲು ಒಂದರ ಕೆಳಗೊಂದು ಸಾಲುಸಾಲಾಗಿ ಅಡಕವಾಗಿದ್ದು, ಮೇಲಿನದು ಸವೆದಂತೆ ಕೆಳಗಿನದು ಮೇಲೇರಿ ಬರುತ್ತ, ಆಯುಷ್ಯದ ಉದ್ದಕ್ಕೂ ಹೊಸ ಹಲ್ಲು ಬರುವುದು ನಿಲ್ಲುತ್ತಲೇ ಇರಲಿಲ್ಲ.

ಪ್ರಾಯದ ಲೆಕ್ಕಕ್ಕೆ ಮೊದಲ ಸುಳಿವು ದೊರೆತದ್ದು ಅಮೆರಿಕದಲ್ಲಲ್ಲ, ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ. 1922ರಲ್ಲಿ ರಾಯ್ ಚಾಪ್ಮನ್ ಆಂಡ್ರೂಸನ ನಾಯಕತ್ವದಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಿಂದ ಹೊರಟಿದ್ದ ತಂಡವು ಬಯನ್‌ಜಾಗ್ ಎಂಬಲ್ಲಿಯ ಕೆಂಪು ಬಂಡೆಗಳ ಕಡಿದಾದ ಅಂಚನ್ನು ತಲುಪಿದಾಗ, ಆ ತಂಡದ ಛಾಯಾಗ್ರಾಹಕನಾದ ಷ್ಯಾಕಲ್‌ಫರ್ಡನ ಕಣ್ಣಿಗೆ ಬಿದ್ದ ಸಣ್ಣದೊಂದು ಬುರುಡೆ ಮುಂದೆ ‘ಪ್ರೊಟೊಸೆರಟಾಪ್ಸ್’ ಎಂಬ ಹೆಸರನ್ನು ಪಡೆಯಿತು. ಕೊಂಬೆಂಬುದು ಇನ್ನೂ ಮೂಡಿರದ, ಆದರೆ ಹೆಡೆ ಬಿಚ್ಚಿದ, ಕುರಿಯ ಗಾತ್ರದ ಈ ಪ್ರಾಣಿಯ ಅವಶೇಷಗಳು ಅಲ್ಲಿ ಎಷ್ಟು ವಿಪುಲವಾಗಿ ದೊರೆತುವೆಂದರೆ, ಮೊಟ್ಟೆಯೊಡೆದು ಬಂದ ಸ್ವಲ್ಪ ಕಾಲದಲ್ಲಿಯೇ ಸತ್ತ ಮರಿಯಿಂದ ಹಿಡಿದು ಮುದಿಯಾದ ಪ್ರಾಣಿಯವರೆಗೆ ಬುರುಡೆಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ಇಡಲು ಸಾಧ್ಯವಾಯಿತು. ಬಾರ್ನಮ್ ಬ್ರೌನ್ ಮತ್ತು ಎರಿಕ್ ಷ್ಲೈಕ್ಯರ್ ಎಂಬವರು 1940ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಾಲನ್ನು ವಿವರಿಸಿದರು. ಮರಿಯ ತಲೆ ದುಂಡಗೆ, ಕಣ್ಣಿನ ಕುಳಿ ಅಗಲವಾಗಿ, ಹೆಡೆ ಮೊಳಕೆಯಷ್ಟೇ ಆಗಿರುವುದು. ಬೆಳೆದಂತೆ ಮುಖವು ಉದ್ದವಾಗಿ, ಕೆನ್ನೆಯ ಎಲುಬು ಪಕ್ಕಕ್ಕೆ ಚಾಚಿ, ಹೆಡೆಯು ದೇಹದ ಉಳಿದ ಭಾಗಕ್ಕಿಂತ ಬಹಳ ವೇಗವಾಗಿ ಹರಡುತ್ತ ಹೋಗುವುದು. ಇದೇ ಬುರುಡೆಗಳು ಒಂದೊಂದಾಗಿ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವಿದ್ವಾಂಸರಿಗೆ ದೊರೆತಿದ್ದರೆ ನಾಲ್ಕೈದು ಪ್ರಭೇದಗಳಾದರೂ ಆಗದೆ ಉಳಿಯುತ್ತಿರಲಿಲ್ಲವೆಂಬುದರಲ್ಲಿ ನನಗೆ ಸಂದೇಹವಿಲ್ಲ. 1976ರಲ್ಲಿ ಪೀಟರ್ ಡಾಡ್ಸನ್ ಅವರು ಇವೇ ಬುರುಡೆಗಳನ್ನು ಅಂಗುಲಂಗುಲವಾಗಿ ಅಳೆದು, ಗಣಿತದ ನೆರವಿನಿಂದ ಗಂಡು ಹೆಣ್ಣುಗಳನ್ನು ಬೇರ್ಪಡಿಸಲು ಯತ್ನಿಸಿದರು. ಆ ಬೇರ್ಪಡಿಕೆ ಈಚಿನ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ, ಆದರೆ ಬೆಳವಣಿಗೆಯ ಲೆಕ್ಕ ನಿಂತಿದೆ.

ಮಂಗೋಲಿಯದ ಈ ಪಾಠ ಅಮೆರಿಕದ ಕೊಂಬಿನ ಪ್ರಾಣಿಗಳಿಗೆ ಅನ್ವಯವಾಗಲು ಬಹುಕಾಲ ಹಿಡಿಯಿತು. ಅದಕ್ಕೆ ಒಳ್ಳೆಯ ನಿದರ್ಶನ ‘ಮೊನೊಕ್ಲೋನಿಯಸ್’ ಎಂಬುದರ ಚರಿತ್ರೆ. 1876ರ ಬೇಸಗೆಯಲ್ಲಿ, ಜನರಲ್ ಕಸ್ಟರನ ಪಡೆ ಲಿಟಲ್ ಬಿಗ್ ಹಾರ್ನ್ ನದಿಯ ಬಳಿ ಸೂ ಮತ್ತು ಷೈಯೆನ್ ಯೋಧರಿಂದ ನಿರ್ನಾಮವಾಗಿ ಎರಡು ತಿಂಗಳೂ ಕಳೆದಿರದ ಆ ಭೀತಿಯ ದಿನಗಳಲ್ಲಿ, ಕೋಪನು ಕೆಲವೇ ಜನರ ತಂಡದೊಡನೆ ಮೊಂಟಾನಾದ ಜೂಡಿತ್ ನದಿಯ ಕಡೆಗೆ ಹೊರಟು, ಚದುರಿದ ಕೆಲವು ಎಲುಬುಗಳನ್ನು ಸಂಗ್ರಹಿಸಿ ತಂದು ಆ ಹೆಸರನ್ನು ಕೊಟ್ಟನು. ಅದರ ಹೆಡೆಯ ಅಂಚು ತೆಳ್ಳಗೆ, ಯಾವ ಅಲಂಕಾರವೂ ಇಲ್ಲದೆ ಬೋಳಾಗಿರುವುದು. 1904ರಲ್ಲಿ ಕೆನಡಾದ ಲಾರೆನ್ಸ್ ಲ್ಯಾಂಬನು ಆಲ್ಬರ್ಟಾದ ರೆಡ್ ಡೀರ್ ನದಿಯ ಕಣಿವೆಯಿಂದ ಹೆಡೆಯ ಹಿಂಬದಿಯಲ್ಲಿ ಕೊಕ್ಕೆಗಳಂತೆ ಬಾಗಿದ ಮುಳ್ಳುಗಳಿದ್ದ ‘ಸೆಂಟ್ರೊಸಾರಸ್’ ಎಂಬುದನ್ನು ವರ್ಣಿಸಿದನು. ಇವೆರಡೂ ಒಂದೇ ಎಂದು ಒಬ್ಬರು, ಅಲ್ಲವೆಂದು ಮತ್ತೊಬ್ಬರು, ಹೀಗೆ ಎಂಬತ್ತು ವರ್ಷಗಳ ಕಾಲ ವಾದ ನಡೆಯಿತು. ಅಷ್ಟರಲ್ಲಿ ಬೋಳು ಹೆಡೆಯ ಬುರುಡೆ ದೊರೆತಾಗಲೆಲ್ಲ ಮೊನೊಕ್ಲೋನಿಯಸಿನ ಪ್ರಭೇದಗಳ ಪಟ್ಟಿ ಬೆಳೆಯುತ್ತಲೂ ಹೋಯಿತು.

ಈ ವಾದದ ಬುಡವನ್ನು ಅಲುಗಿಸಿದ್ದು ಆಲ್ಬರ್ಟಾದ ಎಲುಬಿನ ಹಾಸುಗಳು. ಪ್ರವಾಹದಲ್ಲಿ ಸಿಕ್ಕಿಯೋ ಇನ್ನಾವ ಆಪತ್ತಿನಿಂದಲೋ ಒಟ್ಟಿಗೆ ಸತ್ತ ಸೆಂಟ್ರೊಸಾರಸ್ ಹಿಂಡುಗಳ ಸಾವಿರಾರು ಎಲುಬುಗಳು ಅಲ್ಲಿ ಒಂದರ ಮೇಲೊಂದು ಹಾಸಿಕೊಂಡಿವೆ. ಹಿಂಡೆಂದ ಮೇಲೆ ಅದರಲ್ಲಿ ಮರಿಗಳೂ ಹರೆಯದವೂ ಮುದುಕರೂ ಇದ್ದೇ ಇರುವರಷ್ಟೆ. ಸ್ಕಾಟ್ ಸ್ಯಾಂಪ್ಸನ್, ಮೈಕೆಲ್ ರಯನ್, ಡ್ಯಾರೆನ್ ಟ್ಯಾಂಕಿ ಎಂಬ ಮೂವರು ಈ ರಾಶಿಗಳನ್ನು ವರ್ಷಗಟ್ಟಲೆ ಬೇರ್ಪಡಿಸಿ 1997ರಲ್ಲಿ ಪ್ರಕಟಿಸಿದ ನಿರ್ಣಯವು ಇಷ್ಟು: ಈ ವರ್ಗದ ಪ್ರಾಣಿಗಳ ಮರಿಗಳು, ಅವು ಯಾವ ಕುಲದವೇ ಆಗಿರಲಿ, ಒಂದನ್ನೊಂದು ಬಹುಮಟ್ಟಿಗೆ ಹೋಲುವುವು, ಮೂಗಿನ ಕೊಂಬು ಮೊದಲು ಎಡಬಲದ ಎರಡು ಹೋಳುಗಳಾಗಿದ್ದು ಆಮೇಲೆ ತುದಿಯಿಂದ ಬುಡದ ಕಡೆಗೆ ಬೆಸೆದುಕೊಳ್ಳುವುದು, ಕುಲವನ್ನು ಕುಲದಿಂದ ಬೇರ್ಪಡಿಸುವ ಹೆಡೆಯ ಕೊಕ್ಕೆ, ಈಟಿ, ಮುಳ್ಳು ಮುಂತಾದುವೆಲ್ಲ ದೇಹವು ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಬಂದ ಮೇಲೆಯೇ ಹೊರಡುವುವು. ಎಂದಮೇಲೆ ಮೊನೊಕ್ಲೋನಿಯಸ್ ಎಂಬ ಬೋಳು ಹೆಡೆಯ ಪ್ರಾಣಿ ಒಂದು ಕುಲವಲ್ಲ, ಹಲವು ಕುಲಗಳ ಹರೆಯ. ಎಲುಬಿನ ಮೈಯೂ ಇದಕ್ಕೆ ಸಾಕ್ಷಿ ನುಡಿಯುವುದು: ಎಳೆಯ ಪ್ರಾಣಿಯ ಹೆಡೆಯ ಮೇಲೆ ನೀಳವಾದ ಸಣ್ಣ ಗೀರುಗಳು ಎಳೆ ಎಳೆಯಾಗಿ ಹರಿದಿರುವುವು, ಬಲಿತದ್ದರ ಮೈಯಾದರೋ ಕುಳಿಕುಳಿಯಾಗಿ, ರಕ್ತನಾಳಗಳ ಕಾಲುವೆಗಳಿಂದ ಕೊರೆದು ಒರಟಾಗಿರುವುದು. ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಬೆರಳಾಡಿಸಿಯೇ ತಿಳಿಯಬಹುದಾದ ಈ ವ್ಯತ್ಯಾಸವನ್ನು ನೂರು ವರ್ಷ ಯಾರೂ ವಯಸ್ಸಿನ ಗುರುತೆಂದು ಓದಿರಲಿಲ್ಲ.

ಇಲ್ಲಿ ನಾಮಕರಣದ ಧರ್ಮಶಾಸ್ತ್ರ ಒಂದು ವಿಚಿತ್ರ ಸಂಕಟವನ್ನು ತಂದೊಡ್ಡುವುದು. ಎರಡು ಹೆಸರುಗಳು ಒಂದೇ ಪ್ರಾಣಿಗೆ ಸಲ್ಲುವುವೆಂದು ತಿಳಿದಾಗ ಮೊದಲು ಪ್ರಕಟವಾದದ್ದೇ ಉಳಿಯಬೇಕೆಂಬುದು ನಿಯಮ. ಆ ನ್ಯಾಯದಂತೆ 1876ರ ಮೊನೊಕ್ಲೋನಿಯಸ್ ಉಳಿದು 1904ರ ಸೆಂಟ್ರೊಸಾರಸ್ ಅಳಿಯಬೇಕಾಗಿತ್ತು. ಆದರೆ ಹರೆಯದ ಮಾದರಿಯು ಯಾವ ಕುಲದ ಹರೆಯವೆಂದು ಹೇಳಲಾಗದಾಗ ಅದರ ಹೆಸರನ್ನು ಯಾರಿಗೆ ಕಟ್ಟುವುದು? ಆದ್ದರಿಂದ ಅದನ್ನು ಸಂದಿಗ್ಧ ನಾಮವೆಂದು ಬದಿಗಿಟ್ಟರು. ಮೊಂಟಾನಾದ ಬ್ಲ್ಯಾಕ್‌ಫೀಟ್ ಜನರ ನೆಲದಲ್ಲಿ ದೊರೆತ ಗಿಡ್ಡ ಪ್ರಾಣಿಗಳಿಗೆ ಚಾರ್ಲ್ಸ್ ಗಿಲ್ಮೋರನು 1914ರಲ್ಲಿ ಕೊಟ್ಟ ‘ಬ್ರಾಕಿಸೆರಟಾಪ್ಸ್’ ಎಂಬ ಹೆಸರಿಗೂ ಇದೇ ಗತಿಯಾಯಿತು; ಅದರ ಮೂಗಿನ ಕೊಂಬು ಎರಡು ಹೋಳಾಗಿತ್ತೆಂಬುದನ್ನು ಗಿಲ್ಮೋರನು ಕಂಡು ಬರೆದಿದ್ದನು, ಆದರೆ ಅದು ಎಳೆತನದ ಗುರುತೆಂಬುದರ ಪೂರ್ಣಾರ್ಥ ಹೊರಬೀಳಲು ಇನ್ನೂ ಎಂಬತ್ತು ವರ್ಷ ಬೇಕಾದುವು. ‘ಪ್ಯಾಕಿರೈನೊಸಾರಸ್’ ಎಂಬುದರ ಕಥೆ ಇನ್ನೂ ಸೋಜಿಗದ್ದು. ಬಲಿತ ಪ್ರಾಣಿಗೆ ಮೂಗಿನ ಮೇಲೆ ಕೊಂಬೇ ಇಲ್ಲ, ಬದಲು ದಪ್ಪನೆಯ ಒರಟು ಎಲುಬಿನ ದಿಂಡು. ಆದರೆ ಆಲ್ಬರ್ಟಾದ ಪೈಪ್‌ಸ್ಟೋನ್ ಕ್ರೀಕಿನಲ್ಲಿ ದೊರೆತ ಹಿಂಡಿನ ಮರಿಗಳಲ್ಲಿ ಆ ಜಾಗದಲ್ಲಿ ಸಣ್ಣದೊಂದು ಕೊಂಬೇ ಇರುವುದನ್ನು ಫಿಲಿಪ್ ಕರಿ ಮತ್ತು ಅವರ ಸಂಗಡಿಗರು 2008ರಲ್ಲಿ ತೋರಿಸಿದರು. ಮರಿಯಲ್ಲಿ ಇದ್ದದ್ದು ಬೆಳೆದಾಗ ಇಲ್ಲವಾಗುವುದೆಂದ ಮೇಲೆ, ಕೊಂಬಿದೆಯೇ ಇಲ್ಲವೇ ಎಂಬ ಪ್ರಶ್ನೆಗೂ ವಯಸ್ಸನ್ನು ಕೇಳದೆ ಉತ್ತರವಿಲ್ಲ.

ಟ್ರೈಸೆರಟಾಪ್ಸಿನ ಹದಿನೈದು ಚಿಲ್ಲರೆ ಹೆಸರುಗಳ ಗತಿಯೇನಾಯಿತು? 1986ರಲ್ಲಿ ಜಾನ್ ಆಸ್ಟ್ರಮ್ ಮತ್ತು ಪೀಟರ್ ವೆಲ್ನ್‌ಹೋಫರ್ ಎಂಬವರು ಮ್ಯೂನಿಕ್ ನಗರದ ಒಂದು ಬುರುಡೆಯನ್ನು ವಿವರಿಸುವ ನೆಪದಲ್ಲಿ ಪಟ್ಟಿಯನ್ನೆಲ್ಲ ಜಾಲಿಸಿ, ಇವೆಲ್ಲ ಒಂದೇ ಪ್ರಭೇದದ ವ್ಯಕ್ತಿವ್ಯತ್ಯಾಸಗಳು ಮಾತ್ರವೆಂದು ಹಾರಿಡಸ್ ಎಂಬುದೊಂದನ್ನೇ ಉಳಿಸಿದರು. ಹತ್ತು ವರ್ಷಗಳ ತರುವಾಯ, 1996ರಲ್ಲಿ, ಕ್ಯಾಥರೀನ್ ಫಾರ್ಸ್ಟರ್ ಅವರು ಮತ್ತೊಮ್ಮೆ ಬುರುಡೆಗಳನ್ನೆಲ್ಲ ಪರಿಶೀಲಿಸಿ ಹಾರಿಡಸ್, ಪ್ರಾರ್ಸಸ್ ಎಂಬ ಎರಡನ್ನು ಉಳಿಸಿಕೊಂಡರು. ಮೊದಲನೆಯದರ ಮೂಗಿನ ಕೊಂಬು ಗಿಡ್ಡ, ಮುಖ ಉದ್ದ. ಎರಡನೆಯದರ ಮೂಗಿನ ಕೊಂಬು ಉದ್ದ, ಮುಖ ಗಿಡ್ಡ. ಎಲ್ಲವನ್ನೂ ಒಂದಾಗಿ ಕಲಸಿಬಿಡುವ ಉತ್ಸಾಹಕ್ಕೆ ಈ ತಡೆ ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಎರಡರ ನಡುವೆ ಇದ್ದ ಸಂಬಂಧವು ಮುಂದೆ ಬೇರೊಂದು ಬಗೆಯಲ್ಲಿ ಬೆಳಕಿಗೆ ಬಂದಿತು. ಮೊಂಟಾನಾದ ಹೆಲ್ ಕ್ರೀಕ್ ಶಿಲಾಸಮೂಹದಲ್ಲಿ ಒಂದೊಂದು ಬುರುಡೆ ಯಾವ ಎತ್ತರದ ಪದರದಲ್ಲಿ ದೊರೆಯಿತೆಂಬುದನ್ನು ನಿಷ್ಕೃಷ್ಟವಾಗಿ ಬರೆದಿಟ್ಟುಕೊಂಡು ನಡೆಸಿದ ದೀರ್ಘಕಾಲದ ಶೋಧದ ಫಲವಾಗಿ, ಜಾನ್ ಸ್ಕ್ಯಾನೆಲ್ಲಾ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಹಾರಿಡಸ್ ದೊರೆಯುವುದು ಕೆಳಗಿನ ಪದರಗಳಲ್ಲಿ, ಪ್ರಾರ್ಸಸ್ ಮೇಲಿನ ಪದರಗಳಲ್ಲಿ, ನಡುವಣ ಪದರಗಳಲ್ಲಿ ಎರಡರ ಲಕ್ಷಣಗಳೂ ಬೆರೆತ ಪ್ರಾಣಿಗಳು. ಎಂದರೆ ಒಂದು ಮತ್ತೊಂದಾಗಿ ಕಾಲಕ್ರಮದಲ್ಲಿ ಮಾರ್ಪಟ್ಟಿರಬೇಕು. ಹೀಗೆ ಒಂದೇ ಬುರುಡೆಯಲ್ಲಿ ಎರಡು ಕಾಲಗಳು ಹೆಣೆದುಕೊಂಡಿರುವುವು: ಆ ಪ್ರಾಣಿಯ ಆಯುಷ್ಯದ ಕಾಲವೊಂದು, ಅದರ ವಂಶದ ಕಾಲವೊಂದು. ಕೊಂಬಿನ ಉದ್ದದಲ್ಲಿ ಕಾಣುವ ವ್ಯತ್ಯಾಸಕ್ಕೆ ಯಾವ ಕಾಲ ಎಷ್ಟರಮಟ್ಟಿಗೆ ಹೊಣೆಯೆಂದು ಬಿಡಿಸಿ ಹೇಳಬೇಕಾದರೆ ಎರಡೂ ತಿಳಿದಿರಬೇಕು. ಹ್ಯಾಚರನ ಕಾಲದ ಬುರುಡೆಗಳಲ್ಲಿ ಎಷ್ಟೋ ಬಂದದ್ದು ಇಂಥ ಪದರದಿಂದಲೇ ಎಂಬ ದಾಖಲೆಯಿಲ್ಲದೆ. ಅವು ಈ ವಿಚಾರದಲ್ಲಿ ಮೂಕವಾಗಿ ಉಳಿದಿವೆ.

ಆಯುಷ್ಯದ ಕಾಲವನ್ನು ಟ್ರೈಸೆರಟಾಪ್ಸಿನಲ್ಲಿ ಓದಲು ಮರಿಗಳೇ ಬೇಕಾಗಿದ್ದುವು, ಮತ್ತು ಮರಿಗಳು ದೊರೆಯುವುದೇ ದುರ್ಲಭವಾಗಿತ್ತು. ಭಾರಿ ಬುರುಡೆಗಳನ್ನು ಹುಡುಕುವವರ ಕಣ್ಣು ಸಣ್ಣದರ ಮೇಲೆ ಬೀಳದಿರುವುದೂ ಇದಕ್ಕೆ ಒಂದು ಕಾರಣವಿರಬಹುದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಹಾರ್ಲಿ ಗಾರ್ಬಾನಿ ಎಂಬ ಅನುಭವಿ ಸಂಗ್ರಾಹಕನು ಹೆಲ್ ಕ್ರೀಕಿನಿಂದ ತಂದ ಒಂದು ಮರಿಯ ಬುರುಡೆಯನ್ನು ಮಾರ್ಕ್ ಗುಡ್ವಿನ್ ಮುಂತಾದವರು 2006ರಲ್ಲಿ ವಿವರಿಸಿದರು. ಬಲಿತ ಪ್ರಾಣಿಯ ತಲೆ ಎರಡು ಮೀಟರಿನಷ್ಟಿದ್ದರೆ ಇದರದು ಒಂದು ಮೊಳಕ್ಕೂ ಕಡಮೆ. ಎಲುಬುಗಳು ಇನ್ನೂ ಒಂದಕ್ಕೊಂದು ಬೆಸೆದುಕೊಳ್ಳದೆ ಬಿಡಿಬಿಡಿಯಾಗಿ ದೊರೆತುವು. ಕಣ್ಣಿನ ಮೇಲಿನ ಕೊಂಬು ಮೂರೂವರೆ ಸೆಂಟಿಮೀಟರಿನ ಒಂದು ಮೊಗ್ಗು. ಹೆಡೆಯಾದರೋ ಗಿಡ್ಡವಾಗಿ, ಅಂಚಿನಲ್ಲಿ ಬಳುಕು ಬಳುಕಾಗಿ ಏರಿಳಿದಿರುವುದು. ಕೊಂಬು ಹೆಡೆಗಳು ಸಂಗಾತಿಯನ್ನು ಒಲಿಸುವುದಕ್ಕೆ ಮಾತ್ರವಾಗಿದ್ದುವೆಂಬ ವಾದವು ಇದರಿಂದ ಸ್ವಲ್ಪ ಕುಂದಿತು, ಏಕೆಂದರೆ ಇಷ್ಟು ಎಳೆಯ ಮರಿಗೂ ಅವು ಮೂಡಿರುವುವು. ಅದೇ ವರ್ಷ ಜಾಕ್ ಹಾರ್ನರ್ ಮತ್ತು ಗುಡ್ವಿನ್ ಅವರು ಹತ್ತು ಬುರುಡೆಗಳನ್ನು ಮರಿ, ಬಾಲ, ಹರೆಯ, ಪ್ರೌಢ ಎಂಬ ಕ್ರಮದಲ್ಲಿ ಜೋಡಿಸಿ ತೋರಿಸಿದ ಬೆಳವಣಿಗೆಯ ಸಾಲು ಇನ್ನೂ ಅಚ್ಚರಿಯದು: ಮರಿಯಲ್ಲಿ ನೆಟ್ಟಗಿರುವ ಹಣೆಯ ಕೊಂಬು ಬಾಲ್ಯದಲ್ಲಿ ಹಿಂದಕ್ಕೆ ಬಾಗಿ, ಹರೆಯದಲ್ಲಿ ನೇರವಾಗುತ್ತ ಬಂದು, ಪ್ರೌಢಾವಸ್ಥೆಯಲ್ಲಿ ಮುಂದಕ್ಕೆ ಬಾಗುವುದು, ಹೆಡೆಯ ಅಂಚಿನಲ್ಲಿ ಮೊನಚಾದ ತ್ರಿಕೋಣಗಳಾಗಿದ್ದ ಎಲುಬಿನ ತುಣುಕುಗಳು ಕ್ರಮೇಣ ಚಪ್ಪಟೆಯಾಗಿ ಅಂಚಿನಲ್ಲಿಯೇ ಕರಗಿಹೋಗುವುವು. ಹೆಡೆಯ ಅಂಚು ಗರಗಸದಂತಿದೆಯೆಂದು ಮಾರ್ಷನು ಸ್ಥಾಪಿಸಿದ ಸೆರೇಟಸ್ ಪ್ರಭೇದದ ಬುಡ ಇಲ್ಲಿಗೆ ಕಳಚಿತು.

ಇಷ್ಟರಲ್ಲಿಯೇ ನಿಂತಿದ್ದರೆ ವಿವಾದವೇನೂ ಏಳುತ್ತಿರಲಿಲ್ಲ. ಆದರೆ 2010ರಲ್ಲಿ ಸ್ಕ್ಯಾನೆಲ್ಲಾ ಮತ್ತು ಹಾರ್ನರ್ ಅವರು ಇದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಮಾರ್ಷನ ಟೊರೊಸಾರಸ್ ಬೇರೆ ಕುಲವೇ ಅಲ್ಲ, ಪೂರ್ಣ ಬಲಿತು ಮುದಿಯಾದ ಟ್ರೈಸೆರಟಾಪ್ಸೇ ಎಂದು ಸಾರಿದರು. ಅವರ ವಾದಕ್ಕೆ ಬಲವಿಲ್ಲದೆ ಇರಲಿಲ್ಲ. ಎರಡೂ ಒಂದೇ ಕಾಲದ ಒಂದೇ ನೆಲದ ಪ್ರಾಣಿಗಳು. ಟ್ರೈಸೆರಟಾಪ್ಸಿನ ಮರಿಗಳು ದೊರೆತಿವೆ, ಟೊರೊಸಾರಸಿನ ಮರಿ ಮಾತ್ರ ಯಾರಿಗೂ ದೊರೆತಿಲ್ಲ. ಹರೆಯ ದಾಟಿದ ಟ್ರೈಸೆರಟಾಪ್ಸಿನ ಗಟ್ಟಿ ಹೆಡೆಯನ್ನು ಸೀಳಿ ನೋಡಿದರೆ, ಟೊರೊಸಾರಸಿನಲ್ಲಿ ರಂಧ್ರಗಳಿರುವ ಸ್ಥಾನಗಳಲ್ಲಿಯೇ ಎಲುಬು ತೆಳ್ಳಗಾಗುತ್ತಿರುವುದು ಕಾಣುವುದು. ಸೂಕ್ಷ್ಮದರ್ಶಕದ ಕೆಳಗೆ ಆ ಎಲುಬು ಎಂದಿಗೂ ಸ್ಥಿರವಾಗಿರದೆ ಆಕಾರವನ್ನು ಬದಲಿಸಿಕೊಳ್ಳುತ್ತಲೇ ಇದ್ದುದರ ಕುರುಹುಗಳಿರುವುವು. ಪತ್ರಿಕೆಗಳು ಇದನ್ನು ತಲೆಕೆಳಗಾಗಿ ಅರ್ಥಮಾಡಿಕೊಂಡು ಟ್ರೈಸೆರಟಾಪ್ಸ್ ಎಂಬ ಪ್ರಾಣಿ ಇರಲೇ ಇಲ್ಲವಂತೆ ಎಂದು ಗುಲ್ಲೆಬ್ಬಿಸಿದುವು. ಆ ಹೆಸರು 1889ರದು, ಟೊರೊಸಾರಸ್ 1891ರದು, ಆದ್ದರಿಂದ ಅಳಿಯುವುದಾದರೆ ಎರಡನೆಯದೇ ಹೊರತು ಮೊದಲನೆಯದಲ್ಲವೆಂಬುದನ್ನು ಕೇಳುವ ತಾಳ್ಮೆ ಬಹು ಮಂದಿಗೆ ಇರಲಿಲ್ಲ.

ತಜ್ಞರ ಆಕ್ಷೇಪಗಳು ಬೇರೆ ತೆರನಾದುವು. ಟ್ರೈಸೆರಟಾಪ್ಸಿನ ಹೆಡೆಯ ನಡುವಣ ಎಲುಬಿನ ಅಂಚಿನಲ್ಲಿ ಐದಾರು ತುಣುಕುಗಳಿರುವಲ್ಲಿ ಟೊರೊಸಾರಸಿಗೆ ಹತ್ತಕ್ಕೂ ಮೇಲ್ಪಟ್ಟು ಇರುವುವು. ಮುಪ್ಪಿನಲ್ಲಿ ಇಷ್ಟು ಹೊಸ ತುಣುಕುಗಳು ಹುಟ್ಟುವುದು ಹೇಗೆ? ಇತರ ಕೊಂಬಿನ ಡೈನೊಸಾರುಗಳಲ್ಲಿ ಹೆಡೆಯ ರಂಧ್ರಗಳು ಎಳವೆಯಿಂದಲೇ ಇರುವಾಗ ಇದೊಂದರಲ್ಲಿ ಮಾತ್ರ ಬದುಕಿನ ಕೊನೆಯಲ್ಲಿ ತೆರೆದುಕೊಳ್ಳುವುದೇಕೆ? ಇವೆರಡರ ನಡುವಣ ಹಂತವೆಂದು ಹಾರ್ನರ್ ಪಕ್ಷದವರು ಮುಂದಿಟ್ಟದ್ದು, ಹ್ಯಾಚರನ ಮರಣದ ಅನಂತರ 1905ರಲ್ಲಿ ವಿವರಿಸಲ್ಪಟ್ಟು ಇಂದು ‘ನೆಡೊಸೆರಟಾಪ್ಸ್’ ಎನಿಸಿಕೊಂಡಿರುವ, ಹೆಡೆಯಲ್ಲಿ ಸಣ್ಣದೊಂದು ರಂಧ್ರವಿರುವ ಏಕೈಕ ಬುರುಡೆಯನ್ನು. ಅದು ಬೆಳೆಯುತ್ತಿರುವ ಪ್ರಾಣಿಯದೇ ಅಲ್ಲ, ಆಗಲೇ ಮುದಿಯಾದುದರ ಬುರುಡೆಯೆಂದು ಆ್ಯಂಡ್ರೂ ಫಾರ್ಕಿ ಅವರು 2011ರಲ್ಲಿ ಎದುರು ನುಡಿದರು. 2012ರಲ್ಲಿ ನಿಕೊಲಸ್ ಲಾಂಗ್ರಿಚ್ ಮತ್ತು ಡೇನಿಯಲ್ ಫೀಲ್ಡ್ ಅವರು ಮೂವತ್ತಕ್ಕೂ ಹೆಚ್ಚು ಬುರುಡೆಗಳಲ್ಲಿ ಎಲುಬುಗಳ ಬೆಸುಗೆಯನ್ನೂ ಮೈಯ ಒರಟುತನವನ್ನೂ ಪರೀಕ್ಷಿಸಿ, ಪೂರ್ಣ ಬಲಿತ ಟ್ರೈಸೆರಟಾಪ್ಸ್‌ಗಳೂ ಇವೆ, ಇನ್ನೂ ಬಲಿಯದ ಟೊರೊಸಾರಸ್‌ಗಳೂ ಇವೆ ಎಂದು ತೀರ್ಮಾನಿಸಿದರು. ನನಗೆ ಈ ಪಕ್ಷವೇ ಸಮ್ಮತವಾಗಿ ತೋರುವುದು. ವಯಸ್ಸೆಂಬುದನ್ನು ಮರೆತು ಪ್ರಭೇದಗಳನ್ನು ಹುಟ್ಟಿಸಿದ ಮಾರ್ಷನ ಅತಿಗೆ ಪ್ರತಿಯಾಗಿ, ವಯಸ್ಸೊಂದರಿಂದಲೇ ಎಲ್ಲವನ್ನೂ ವಿವರಿಸಿಬಿಡುವ ಅತಿಯೂ ಇರಬಲ್ಲುದಷ್ಟೆ. ದಪ್ಪ ತಲೆಯ ಪ್ಯಾಕಿಸೆಫಲೊಸಾರಸಿನಲ್ಲಿ ಇದೇ ಹಾರ್ನರ್ ಮತ್ತು ಗುಡ್ವಿನ್ ಅವರು ಮೂರು ಕುಲಗಳನ್ನು ಒಂದೇ ಪ್ರಾಣಿಯ ಮೂರು ವಯಸ್ಸುಗಳೆಂದು ತೋರಿಸಿದಾಗ ಬಹಳ ಮಂದಿ ಒಪ್ಪಿದರು, ಏಕೆಂದರೆ ಅಲ್ಲಿ ನಡುವಣ ಹಂತಗಳು ಕಣ್ಣಿಗೆ ಕಾಣುವಂತಿದ್ದುವು. ಇಲ್ಲಿ ಆ ನಡುವಣ ಸೇತುವೆ ಒಂದೇ ಒಂದು ರೋಗಗ್ರಸ್ತವೆಂಬ ಶಂಕೆಯಿರುವ ಬುರುಡೆಯ ಮೇಲೆ ನಿಂತಿದೆ.

ಎಲುಬಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಬೆಳವಣಿಗೆ ವರ್ಷಕ್ಕೊಮ್ಮೆ ತಡೆದು ನಿಂತಾಗ ಉಳಿಯುವ ಗೆರೆಗಳನ್ನೂ, ಬೆಳವಣಿಗೆ ಮುಗಿದ ಮೇಲೆ ಹೊರ ಅಂಚಿನಲ್ಲಿ ಒತ್ತೊತ್ತಾಗಿ ಕೂಡುವ ಪದರಗಳನ್ನೂ ಓದುವ ವಿದ್ಯೆ ಈಗ ಈ ವ್ಯಾಜ್ಯಕ್ಕೂ ಸಾಕ್ಷಿಯಾಗಿ ಬಂದಿದೆ. ಜೋರ್ಡನ್ ಮ್ಯಾಲನ್ ಮತ್ತು ಸಂಗಡಿಗರು ಕೆನಡಾದಲ್ಲಿ ದೊರೆತ ಟೊರೊಸಾರಸ್ ಅವಶೇಷಗಳನ್ನು ಹೀಗೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ದೊಡ್ಡ ರಂಧ್ರಗಳ ಹೆಡೆಯನ್ನು ಹೊತ್ತಿದ್ದ ಸಸ್ಕಾಚಿವನ್ ಪ್ರಾಂತದ ಪ್ರಾಣಿಗೆ ಬೆಳೆಯುವುದು ಇನ್ನೂ ಬಾಕಿಯಿತ್ತು. ಮುಪ್ಪಿನಲ್ಲಿ ಮಾತ್ರ ಬರಬೇಕಾಗಿದ್ದ ರಂಧ್ರಗಳು ಹರೆಯದಲ್ಲಿಯೇ ಇದ್ದುವೆಂದರೆ ಅದನ್ನು ಮುದಿ ಟ್ರೈಸೆರಟಾಪ್ಸ್ ಎನ್ನಲು ಬರುವುದಿಲ್ಲ. ಹಾಗಾದರೆ ಟೊರೊಸಾರಸಿನ ಮರಿಗಳು ಎಲ್ಲಿ ಹೋದುವೆಂಬ ಹಾರ್ನರ್ ಪಕ್ಷದ ಪ್ರಶ್ನೆ ಹಾಗೆಯೇ ಉಳಿಯುವುದು. ಮರಿಗಳೆಲ್ಲ ಒಂದನ್ನೊಂದು ಹೋಲುವುದೇ ಈ ವಂಶದ ಸ್ವಭಾವವಾಗಿರುವಾಗ, ಟ್ರೈಸೆರಟಾಪ್ಸಿನ ಮರಿಗಳೆಂದು ಚೀಟಿ ಅಂಟಿಸಿ ಸಂಗ್ರಹಾಲಯಗಳಲ್ಲಿ ಇಟ್ಟಿರುವ ತುಣುಕುಗಳಲ್ಲಿ ಒಂದೆರಡು ಅವುಗಳವೇ ಆಗಿರುವುದು ಅಸಂಭವವಲ್ಲ. ಆದರೆ ಅಷ್ಟು ಎಳೆಯ ಹೆಡೆಯ ಚೂರನ್ನು ಕೈಯಲ್ಲಿ ಹಿಡಿದು ಇದು ಇಂಥದ್ದರ ಮರಿಯೆಂದು ಹೇಳಬಲ್ಲ ಲಕ್ಷಣವೊಂದನ್ನು ಇದುವರೆಗೆ ಯಾರೂ ಗೊತ್ತುಪಡಿಸಿಲ್ಲ.